ಅಮಾನತಿನ ಕುದುರೆಗೆ ಗಾಲಿ

ಅಕ್ಷರಗಳು ಸೊಟ್ಟಗಿವೆ, ಅದಕ್ಕೆ ಮೊದಲೇ ಕ್ಷಮೆ ಕೇಳುವುದು ಒಳ್ಳೆಯದು. ಶಾಲೆಯಲ್ಲಿ ಕಲಿಸಿದ್ದು ಉರ್ದು. ಗಲಾಟೆಯ ವರ್ಷ ಆ ಶಾಲೆಯೂ ಮುಚ್ಚಿತು, ಮತ್ತೆ ತೆರೆದಾಗ ಹೋಗಲು ಆಗಲಿಲ್ಲ. ಕನ್ನಡ ಅಕ್ಷರಗಳನ್ನು ಕಲಿತದ್ದು ಮನೆಯಲ್ಲಿ ಕೂತು. ಹಾಗಾಗಿ ಸಾಲುಗಳು ನೆಟ್ಟಗೆ ಬಂದಿಲ್ಲ, ಒತ್ತಕ್ಷರ ಕೆಲವು ಕಡೆ ತಪ್ಪಿರಬಹುದು, ಮಾತೂ ಓದಿದವರ ಮಾತಿನಂತೆ ಇಲ್ಲ. ಬೀದರಿನ ಮಗ್ಗುಲ ಚಿದ್ರಿಯ ಕಾಂತಾಬಾಯಿ ಹೇಳಿದ್ದನ್ನೂ ಮೈಲೂರಿನ ಚಾಂದ ಪಾಶಾ ಹೇಳಿದ್ದನ್ನೂ ಕೂಡಿಸಿ, ತಿಳಿಯದ್ದನ್ನು ಇನ್ನೊಮ್ಮೆ ಕೇಳಿ, ಬರೆದದ್ದು ಇದು. ಓದುವವರು ಅಕ್ಷರವನ್ನು ಬಿಟ್ಟು ಕಾಂತಾಬಾಯಿಯನ್ನು ನೋಡಬೇಕು.

ಕಾಂತಾಬಾಯಿಗೆ ಚಿದ್ರಿಯಲ್ಲಿ ‘ಗಂಟಿ ಕಾಂತಾಬಾಯಿ’ ಎಂದೇ ಹೆಸರು. ಕುರಿಯ ಕೊರಳಿಗೆ ಕಟ್ಟುವ ಸಣ್ಣ ಹಿತ್ತಾಳೆ ಗಂಟೆಗಳನ್ನು ಅವಳು ಎರಕ ಹೊಯ್ಯುತ್ತಾಳೆ. ಹೆಂಗಸೊಬ್ಬಳು ಕುಲುಮೆಯ ಮುಂದೆ ಕೂರುವುದನ್ನು ಕಂಡು ಮೊದಮೊದಲು ಓಣಿಯವರು ನಿಂತು ನೋಡುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಅವಳಿಗೂ ಯಾರಾದರೂ ನೋಡಲಿ ಎಂಬ ಆಸೆಯಿಲ್ಲ. ಬಲಗೈ ಹೆಗಲು ತಿದಿ ಒತ್ತಿ ಒತ್ತಿ ಒಂದು ಕಡೆಗೆ ಇಳಿದಿದೆ. ನಡೆಯುವಾಗ ಆ ಕೈಯಲ್ಲಿ ಏನೋ ಭಾರದ ಕೊಡ ಹಿಡಿದಂತೆ ಕಾಣುತ್ತದೆ.

ಅವಳು ಹುಟ್ಟಿದ್ದು ಭಾಲ್ಕಿಯಲ್ಲಿ, ತಾಮ್ರದ ಕೊಡ ಬಡಿಯುವ ತಾಂಬಟಗಾರರ ಮನೆಯಲ್ಲಿ. ಬೀದರಿನ ನರಸಿಂಗನಿಗೆ ಕೊಟ್ಟರು. ನರಸಿಂಗ ಒಂದು ಬಿದರಿ ಕಾರಖಾನೆಯಲ್ಲಿ ಎರಕದವ. ಹುಕ್ಕಾದ ಬುಡ, ಪಾನದಾನ, ಹೂಜಿ ಎಲ್ಲವೂ ಮೊದಲು ಅವನ ಕೈಯಲ್ಲಿ ಬರೀ ಬೂದು ಲೋಹವಾಗಿ ಹುಟ್ಟಿ, ಆಮೇಲೆ ಬೆಳ್ಳಿ ಕೂರಿಸಿ ಕಪ್ಪು ಬಣ್ಣ ಏರಿಸುವ ಚಾಂದ ಪಾಶಾನಂಥವರ ಕೈಗೆ ಹೋಗುತ್ತಿದ್ದವು. ಅಚ್ಚಿನ ಮಣ್ಣು ಸಿದ್ಧ ಮಾಡುವುದು ಕಾಂತಾಬಾಯಿಯ ಪಾಲಿನ ಕೆಲಸ. ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು, ರಾಳದ ಪುಡಿ ಬೆರೆಸಬೇಕು, ಔಡಲೆಣ್ಣೆ ಹನಿಸುತ್ತ ನಾದಬೇಕು. ಹಿಡಿ ಕಟ್ಟಿ ಬಿಟ್ಟರೆ ಅಂಗೈಯ ಗೆರೆಯೆಲ್ಲ ಮಣ್ಣಿನ ಮೇಲೆ ಮೂಡಬೇಕು. ಅಷ್ಟರ ತನಕ ಕೈ ನಿಲ್ಲಿಸುವಂತಿಲ್ಲ.

ನಲವತ್ತೆಂಟರಲ್ಲಿ ಹೈದರಾಬಾದ್ ರಾಜ್ಯಕ್ಕೆ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಹುಕ್ಕಾ ಕೊಳ್ಳುವ ದೊಡ್ಡ ಮನೆಗಳ ಬಾಗಿಲು ಮುಚ್ಚಿದವು. ಕಾರಖಾನೆಯ ಮಾಲೀಕ ಬೀಗ ಹಾಕಿಕೊಂಡು ಹೈದರಾಬಾದಿಗೆ ಹೋದವ ತಿರುಗಿ ಬರಲಿಲ್ಲ. ನರಸಿಂಗ ಕೆಲವು ದಿನ ಬಸ್ ನಿಲ್ಲುವಲ್ಲಿ ಪುಠಾಣಿ ಮಾರಿದ, ಕೆಲವು ದಿನ ಸುಮ್ಮನೆ ಕೂತ, ಆಮೇಲೆ ಕೆಮ್ಮು ಹಿಡಿದು ತೀರಿಕೊಂಡ. ಮಗಳು ಪ್ರಮಿಲಾಳನ್ನು ಅಷ್ಟರೊಳಗೆ ಉದಗೀರಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ನಾದಿದ ಮಣ್ಣಿನ ಒಂದು ಗುಡ್ಡೆ, ಮರದ ಎರಡು ಚೌಕಟ್ಟು, ಒಂದು ತಿದಿ. ಮಣ್ಣನ್ನು ಹೊರಗೆ ಚೆಲ್ಲಬೇಕೆಂದು ಬುಟ್ಟಿ ತುಂಬಿದವಳು, ಚೆಲ್ಲಲು ಮನಸ್ಸಾಗದೆ ಅದರಲ್ಲೇ ಒಂದು ಗಂಟೆಯ ಅಚ್ಚು ಒತ್ತಿ ನೋಡಿದಳು. ಅವಳ ಕಸುಬು ಶುರುವಾದದ್ದು ಹಾಗೆ.

ತೊಗರಿ ಕೊಯ್ಲಿನ ಹೊತ್ತಿಗೆ ಔರಾದ ಕಡೆಯ ಕುರುಬರು ಗಂಟೆ ಕೊಳ್ಳಲು ಬರುತ್ತಾರೆ. ಗಲಾಟೆಯಾಗಿ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಆ ಹೊತ್ತಿಗೆ ಠಾಣಾ ಕುಶನೂರಿನ ಭೀಮಬಾಯಿ ಬಂದಳು. ಅವಳ ಗಂಡ ಮಡೆಪ್ಪನ ಹಿಂಡಿಗೆ ಗಂಟೆ ಹೋಗುತ್ತಿದ್ದದ್ದು ಇಲ್ಲಿಂದಲೇ. ಕಂಬಳಿಯ ಗಂಟನ್ನು ಮಡಿಲಿನಲ್ಲಿ ಇಟ್ಟುಕೊಂಡು ಹೊಸ್ತಿಲ ಹತ್ತಿರ ಕೂತಳು.

“ಗಂಟಿ ಎಷ್ಟು ಬೇಕ್ರಿ?” ಎಂದಳು ಕಾಂತಾಬಾಯಿ.

“ಈ ಸರ್ತಿ ಗಂಟಿ ಬ್ಯಾಡ ಅಕ್ಕಾ. ಒಂದು ಕುದುರಿ ಅದ. ಕಾಲು ಮುರದದ.”

“ಕುದುರಿ ಕಾಲು ಮುರದರ ದನದ ದವಾಖಾನಿಗಿ ಒಯ್ರಿ. ನನ್ನ ಬಲ್ಲಿ ಯಾಕ ತಂದೀರಿ?”

“ಮಷ್ಕಿರಿ ಮಾಡಬ್ಯಾಡ್ರಿ. ಆಟಿಗಿ ಕುದುರಿ.”

ಗಂಟು ಬಿಚ್ಚಿದಾಗ ಗೇಣುದ್ದದ ಎರಕದ ಕುದುರೆ ಹೊರಗೆ ಬಂತು. ಮಕ್ಕಳು ಹಗ್ಗ ಕಟ್ಟಿ ಎಳೆಯುವ, ಗಾಲಿಯ ಮೇಲಿನ ಆಟದ ಕುದುರೆ. ಹೊಟ್ಟೆ ಪೊಳ್ಳು, ಕೆಳಗಡೆ ತೆರೆದಿತ್ತು. ಹಿಂದಿನ ಎರಡು ಗಾಲಿ ಇದ್ದವು, ಮುಂದಿನವು ಇರಲಿಲ್ಲ. ಮುಂಗಾಲೊಂದರ ಗೊರಸು ಮುರಿದು ಹೋಗಿತ್ತು. ಬೆನ್ನಿನ ಮೇಲೆ ಜೀನು, ಜೀನಿನ ನಡುವೆ ಬೆರಳು ಹೋಗದಷ್ಟು ಸಣ್ಣ ತೂತು. ಕಾಂತಾಬಾಯಿ ಉಗುರಿನಿಂದ ತಟ್ಟಿ ಸದ್ದು ಕೇಳಿದಳು. ಹಿತ್ತಾಳೆಯಲ್ಲ, ಬಿದರಿಯ ಲೋಹ, ಸತುವಿಗೆ ಒಂದಿಷ್ಟು ತಾಮ್ರ ಕೂಡಿಸಿದ್ದು. ಬಿದರಿ ಎಂದರೆ ಕಪ್ಪಗಿರಬೇಕು. ಇದು ಮೈಯೆಲ್ಲ ಬೂದಿ ಬಣ್ಣ, ನಡುನಡುವೆ ತದ್ದು ಎದ್ದಂತೆ ಬಿಳಿ ಮಚ್ಚೆ.

“ಇದಕ್ಕ ಏನ್ ಮಾಡೀರಿ?”

“ಹುಣಸಿಹಣ್ಣು ಹಚ್ಚಿ ತಿಕ್ಕೀನ್ರಿ. ಮಂದಿ ಸಾಮಾನ ತಿರುಗಿ ಕೊಡೂವಾಗ ಬೆಳಗಿ ಕೊಡಬೇಕಲ್ಲ.”

“ಆ ಕಪ್ಪೇ ಇದರ ಬಣ್ಣ ಇತ್ತು, ಬಾಯಿ.”

ಭೀಮಬಾಯಿ ಕುದುರೆಯನ್ನು ನೋಡಿದಳು, ಕಾಂತಾಬಾಯಿಯನ್ನು ನೋಡಿದಳು. “ನಾ ಮಸಿ ಅಂತ ತಿಳದೆ. ಹೋಗವಲ್ದು ಅಂತ ತಿರುಗಿ ತಿರುಗಿ ತಿಕ್ಕೀನಿ,” ಎಂದು ತನ್ನ ಬೆರಳುಗಳನ್ನು ನೋಡಿಕೊಂಡಳು.

ಕುದುರೆ ಅವಳದಲ್ಲ. ಕುಶನೂರಿನಲ್ಲಿ ಅವಳ ಗೋಡೆಗೆ ಗೋಡೆ ಹತ್ತಿದ ಮನೆ ಅಬ್ದುಲ ಮಜೀದನದು. ಬಟ್ಟೆಯ ಗಂಟು ಹೊತ್ತು ಊರೂರು ಮಾರುವವ. ಪೊಲೀಸ್ ಆಕ್ಷನ್ ಆದ ಸಪ್ಟಂಬರಿನಲ್ಲಿ ಮುಸಲ್ಮಾನರ ಮನೆ ಹುಡುಕುತ್ತ ಊರಿಗೆ ಹೊರಗಿನ ಗುಂಪುಗಳು ಬರತೊಡಗಿದಾಗ ಅವನು ಹೆಂಡತಿ ಮಗಳನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟ. ಹೊರಡುವ ಮೊದಲು ಒಂದು ಟ್ರಂಕು, ತಾಮ್ರದ ಎರಡು ಹಂಡೆ ಮತ್ತು ಈ ಕುದುರೆಯನ್ನು ಭೀಮಬಾಯಿಯ ಅಂಗಳದಲ್ಲಿ ಇಟ್ಟು, “ಅಮಾನತ್ ಅಕ್ಕಾ,” ಎಂದಷ್ಟೇ ಹೇಳಿದ. ನಂಬಿ ಒಪ್ಪಿಸಿದ್ದು, ತಿರುಗಿ ಕೇಳುವ ತನಕ ಕಾಯಬೇಕಾದದ್ದು ಎಂದು ಅದರ ಅರ್ಥ. ಅವಳು ಟ್ರಂಕು ಹಂಡೆಗಳನ್ನು ಕುರಿಹಟ್ಟಿಯ ಗೊಬ್ಬರದಲ್ಲಿ ಹೂತಳು, ಕುದುರೆಯನ್ನು ಕಾಳು ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ, ಜೋಳದ ನಡುವೆ ಇಳಿಸಿದಳು. ಮನೆ ಮನೆ ತಡಕುತ್ತ ಬಂದವರು ಹಗೇವಿಗೂ ಸಲಾಕೆ ಚುಚ್ಚಿದರು. ಕೆಳಗೆ ಠಣ್ ಎಂದಿತು. ಕಲ್ಲು ಎಂದಳು ಭೀಮಬಾಯಿ. ಇನ್ನೆರಡು ಸಲ ಅಲ್ಲೇ ಚುಚ್ಚಿ ನೋಡಿ, ಕಲ್ಲೇ ಎಂದುಕೊಂಡು ಹೋದರು. ಆಮೇಲೆ ಜೋಳ ತೆಗೆದಾಗ ಕುದುರೆ ಹೀಗಿತ್ತು. ಜೋಳವನ್ನು ಎಷ್ಟು ಕೇರಿದರೂ ಮುರಿದ ತುಣುಕುಗಳು ಸಿಗಲಿಲ್ಲ.

“ಈಗ ಅವ ಬರ್ಲಾಕತ್ಯಾನ್ರಿ. ಹುಣ್ಣಿಮಿ ದಿನ. ಊರಾಗ ಕಾಲು ಇಡಂಗಿಲ್ಲ ಅಂತ ಹೇಳಿ ಕಳಿಸ್ಯಾನ, ಭಾಲ್ಕಿ ಟೇಶನಕ್ಕ ಬರ್ತಾನಂತ. ಟ್ರಂಕ ಹಂಡಿ ಎಲ್ಲಾ ಬರೋಬ್ಬರಿ ಅವ. ಇದೊಂದೇ.”

“ಟ್ರಂಕ ಹಂಡಿ ಅವಲ್ಲ. ಆಟಿಗಿ ಸಾಮಾನಕ್ಕ ಇಷ್ಟು ಫಿಕರ ಯಾಕ?”

“ಅವನ ಮನಿಗಿ ಊರ ಮಂದಿ ಏನ್ ಮಾಡ್ಯಾರ ನಿಮಗ ಗೊತ್ತದ. ಕದ, ತೊಲಿ, ಹಂಚು, ಏನೂ ಬಿಟ್ಟಿಲ್ಲ. ಮುರದದ್ದು ಕೈಯಾಗ ಕೊಟ್ಟರ ಆ ಮಂದ್ಯಾಗ ನಾನೂ ಒಬ್ಬಾಕಿ ಆಗ್ತೀನಿ. ಮ್ಯಾಲ ಏನೂ ಅನ್ನಂಗಿಲ್ಲ ಅವ, ಭಾಳ ಒಳ್ಳೆಂವ. ಒಳಗ ಅಂದ್ಕೋತಾನ.”

ಕಾಂತಾಬಾಯಿ ಆಗುವುದಿಲ್ಲ ಎನ್ನಬೇಕೆಂದೇ ಇದ್ದಳು. ಹೆಗಲು ಆ ವಾರ ಮೇಲಕ್ಕೆ ಏಳುತ್ತಿರಲಿಲ್ಲ, ಹೇಳಿಹೋದ ಗಂಟೆಗಳೇ ಬಾಕಿ ಇದ್ದವು. ಕುದುರೆಯನ್ನು ತಿರುಗಿಸಿ ಹೊಟ್ಟೆಯೊಳಗೆ ಬೆಳಕು ಬೀಳುವಂತೆ ಹಿಡಿದಳು. ಒಳಗೆ ಎರಕದವನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ನರಸಿಂಗನದಲ್ಲ, ಅವನದು ಇಷ್ಟು ಅಗಲ ಇರಲಿಲ್ಲ. ಯಾರೋ ಬಹಳ ಹಿಂದಿನವ, ಅವಸರದವ.

“ನೋಡೂನು, ಬಿಟ್ಟು ಹೋಗ್ರಿ,” ಎಂದಳು.

“ಮ್ಯಾಲಿಂದೂ ಮಾಡ್ರಿ ಮತ್ತ. ಕುದುರಿ ಮ್ಯಾಲ ಒಬ್ಬವ ಇರಬೇಕಲ್ಲ, ತೂತು ಅದ ನೋಡ್ರಿ.”

“ಯಾರಿದ್ದ?”

“ನನಗ ಖಬರಿಲ್ಲ. ಕೊಟ್ಟಾಗ ಬಟ್ಟ್ಯಾಗ ಸುತ್ತಿತ್ತು. ಖಾಲಿ ಕುದುರಿ ಯಾರು ಮಾಡ್ತಾರ?”

ಇದು ಕಾಂತಾಬಾಯಿಗೂ ಸರಿ ಎನಿಸಿತು.

ಕೆಲಸ ಮೊದಲು ಗಾಲಿಯಿಂದ ಶುರುವಾಯಿತು. ಹೊಸ ಗಾಲಿಗೆ ಬೇರೆ ಮಾದರಿ ಬೇಕಿರಲಿಲ್ಲ, ಹಿಂದಿನ ಗಾಲಿಯೇ ಇತ್ತು. ಅದನ್ನು ಬಿಚ್ಚಿ, ಒಂದು ಚೌಕಟ್ಟಿನ ಮಣ್ಣಿನಲ್ಲಿ ಅರ್ಧ ಮುಳುಗುವಂತೆ ಒತ್ತಿ, ಮೇಲೆ ತೆಳುವಾಗಿ ಬೂದಿ ಉದುರಿಸಿ, ಇನ್ನೊಂದು ಚೌಕಟ್ಟು ಇಟ್ಟು ಮಣ್ಣು ತುಂಬಿ ಬಡಿದಳು. ಬೂದಿ ಇದ್ದದ್ದರಿಂದ ಎರಡೂ ಭಾಗ ಅಂಟದೆ ಬೇರೆಯಾದವು. ಗಾಲಿ ತೆಗೆದಾಗ ಅದರ ಆಕಾರ ಮಣ್ಣಿನಲ್ಲಿ ಉಳಿಯಿತು. ಕರಗಿದ ಲೋಹ ಇಳಿಯಲು ಕಾಲುವೆ ಕೊರೆದಳು, ಗಾಳಿ ಹೊರಗೆ ಹೋಗಲು ಸೂಜಿಯಿಂದ ಚುಚ್ಚಿದಳು, ಮತ್ತೆ ಮುಚ್ಚಿ ಕಟ್ಟಿದಳು. ಸತುವು ಬೇಗ ಕರಗುತ್ತದೆ, ತಿದಿಗೆ ಅಷ್ಟು ಬಲ ಬೇಡ. ಆದರೂ ಪ್ರತಿ ಸಲ ಒತ್ತುವಾಗ ಹೆಗಲಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ಹೊಯ್ದು, ಆರಲು ಬಿಟ್ಟು, ಮುರಿದು ತೆಗೆದಾಗ ಎರಡು ಗಾಲಿಗಳು ಚೆನ್ನಾಗಿಯೇ ಬಂದವು.

ಕಬ್ಬಿಣದ ಕಡ್ಡಿಯೊಂದನ್ನು ಇರುಸು ಮಾಡಿ ಗಾಲಿ ಏರಿಸಿ ನೆಲಕ್ಕಿಟ್ಟರೆ ಕುದುರೆ ಮುಂದಕ್ಕೆ ಬಾಗಿತು. ಲೋಹ ಆರುವಾಗ ಕುಗ್ಗುತ್ತದೆ. ಗಾಲಿಯನ್ನು ನೋಡಿ ಮಾಡಿದ ಗಾಲಿ ಗಾಲಿಗಿಂತ ಒಂದು ಎಳೆ ಚಿಕ್ಕದಾಗಿಯೇ ಹುಟ್ಟುತ್ತದೆ. ಗಂಟೆಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ಅವಳು ಮರೆತೇ ಬಿಟ್ಟಿದ್ದಳು.

ಅದೇ ಹೊತ್ತಿಗೆ ಮೈಲೂರಿನಿಂದ ಚಾಂದ ಪಾಶಾ ಬಂದ. ಬೆಳ್ಳಿ ಕೂರಿಸುತ್ತಿದ್ದ ಅವನು ಈಗ ಪಾತ್ರೆಗಳಿಗೆ ಕಲಾಯಿ ಹಾಕುತ್ತ ತಿರುಗುತ್ತಾನೆ. ಕುದುರೆಗೆ ಮತ್ತೆ ಕಪ್ಪು ಏರಿಸಬೇಕೆಂದು ಕಾಂತಾಬಾಯಿಯೇ ಹೇಳಿ ಕಳಿಸಿದ್ದಳು.

“ಏನ್ರಿ ಭಾಬಿ, ನಿಮ್ಮ ಕುದುರಿ ನೀರು ಕುಡೀಲಾಕತ್ತದಲ್ಲ,” ಎಂದ ಬಾಗಿಲಲ್ಲೇ ನಿಂತು.

“ಕುಡೀಲಿ. ನನಗ ಸಾಕಾಗೇದ.”

“ಇದ್ದಾಗ ನರಸಿಂಗ ಭಾಯಿ ಏನ್ ಮಾಡ್ತಿದ್ದ ಇಂಥಾದಕ್ಕ?”

“ಮೇಣ ಸುತ್ತತಿದ್ದ.”

“ಮತ್ತ ಸುತ್ರಿ. ನನ್ನ ಮುಖ ಏನ್ ನೋಡ್ತೀರಿ?”

ಅವಳು ಬೈದುಕೊಳ್ಳುತ್ತಲೇ ಎದ್ದಳು. ಹಳೆಯ ಗಾಲಿಯ ಸುತ್ತ ಮೇಣದ ತೆಳು ಪದರ ಏರಿಸಿ, ಕುಗ್ಗುವಷ್ಟನ್ನು ಮೊದಲೇ ಕೂಡಿಸಿ, ಮತ್ತೆ ಅಚ್ಚು ಒತ್ತಿ, ಮತ್ತೆ ಹೊಯ್ದಳು. ಈ ಸಲ ಕುದುರೆ ನೆಟ್ಟಗೆ ನಿಂತಿತು. ಗೊರಸಿಗೆ ಮೇಣದಲ್ಲೇ ಮಾದರಿ ತಿದ್ದಿದಳು. ಇನ್ನೊಂದು ಮುಂಗಾಲಿನ ಗೊರಸನ್ನು ನೋಡಿ ನೋಡಿ ಎಡದ್ದನ್ನು ಬಲಕ್ಕೆ ತಿರುಗಿಸುವಾಗ ಅವಳ ಕಣ್ಣಲ್ಲಿ ನೀರೂರಿತು. ಬೆಸುಗೆ ಹಾಕುವಂತಿರಲಿಲ್ಲ. ಬೆಂಕಿ ತೋರಿಸಿದರೆ ಹಳೆಯ ಕಾಲೇ ಕರಗಿ ಇಳಿಯುತ್ತದೆ. ಕಾಲಿಗೂ ಗೊರಸಿಗೂ ಸಣ್ಣ ತೂತು ಕೊರೆದು, ನಡುವೆ ತಂತಿಯ ಮೊಳೆ ಕೂರಿಸಿ, ಸೇರಿದಲ್ಲಿ ಅರದಿಂದ ಉಜ್ಜಿ ಉಜ್ಜಿ ಗೆರೆಯನ್ನು ಅಡಗಿಸಿದಳು. ಒಂದು ಸಂಜೆಯೆಲ್ಲ ಅದೇ ಆಯಿತು.

ಕಪ್ಪು ಏರಿಸುವ ಮಣ್ಣು ಕೋಟೆಯದು, ಮಳೆ ಬಿಸಿಲು ಕಾಣದ ಹಳೆಯ ಗೋಡೆಗಳ ಕೆಳಗಿನದು. ಚಾಂದ ಪಾಶಾ ಒಂದು ಮಡಕೆಯಷ್ಟನ್ನು ಕಾರಖಾನೆ ಮುಚ್ಚಿದ ದಿನ ತಂದಿಟ್ಟುಕೊಂಡಿದ್ದ. ನಾಲಗೆಗೆ ಹಚ್ಚಿ ನೋಡಿ, “ಇನ್ನಾ ಖಾರ ಅದ,” ಎಂದ. ನವಸಾಗರದ ಉಪ್ಪಿನ ಜೊತೆ ನೀರಿನಲ್ಲಿ ಕಾಯಿಸಿ, ಬೆಚ್ಚಗೆ ಮಾಡಿದ ಕುದುರೆಗೆ ಬಳಿದು ತಿಕ್ಕುತ್ತ ಹೋದಂತೆ ಹುಣಸೆಯ ಮಚ್ಚೆಗಳು ಒಂದೊಂದಾಗಿ ಮುಳುಗಿದವು. ಹಳೆಯದೂ ಹೊಸದೂ ಒಂದೇ ಕಪ್ಪಾಯಿತು. ಎಣ್ಣೆ ಹಚ್ಚಿ ಒರೆಸಿ, ಇಬ್ಬರೂ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಅವರಿಬ್ಬರೂ ಕೂಡಿ ಹೀಗೆ ಕಪ್ಪು ನೋಡಿ ವರ್ಷಗಳಾಗಿದ್ದವು.

“ತೂತದಾಗ ಏನಿತ್ತೋ,” ಎಂದಳು ಕಾಂತಾಬಾಯಿ.

“ಏನೋ ಕೂಡ್ತಿತ್ತು. ಅಂಚು ಸವದದ ನೋಡ್ರಿ,” ಎಂದು ಹೇಳಿ ಚಾಂದ ಪಾಶಾ ಕಲಾಯಿಯ ಚೀಲ ಹೆಗಲಿಗೇರಿಸಿಕೊಂಡು ಹೋದ.

ಕಾಂತಾಬಾಯಿಯ ಕೈಗೆ ಗೊತ್ತಿದ್ದ ಸವಾರ ಒಬ್ಬನೇ. ಖಾನಾಪುರದ ಮೈಲಾರ ಮಲ್ಲಣ್ಣ. ಕುರುಬರ ಮನೆಯ ದೇವರ ಜಗಲಿಗೆಂದು ನರಸಿಂಗ ಹಿತ್ತಾಳೆಯಲ್ಲಿ ಕುದುರೆ ಏರಿದ ಮಲ್ಲಣ್ಣನನ್ನು ಹೊಯ್ಯುತ್ತಿದ್ದ, ಆ ಮರದ ಮಾದರಿ ಮನೆಯಲ್ಲೇ ಇತ್ತು. ಬೇರೆ ಮುಖ ಹೊಸದಾಗಿ ತಿದ್ದಲು ಕೈಯಲ್ಲಿ ಶಕ್ತಿ ಇರಲಿಲ್ಲ, ಹುಣ್ಣಿಮೆ ಹತ್ತಿರ ಬಂದಿತ್ತು. ಮಾದರಿಯ ಸವಾರನನ್ನಷ್ಟೇ ಮಣ್ಣಿನಲ್ಲಿ ಒತ್ತಿ, ಗಂಟೆಗೆಂದು ಇಟ್ಟ ಹಿತ್ತಾಳೆ ಚೂರು ಕರಗಿಸಿ, ರುಮಾಲು ಸುತ್ತಿದ, ಕತ್ತಿ ಹಿಡಿದ, ಮೀಸೆಯ ಸವಾರನನ್ನು ತೆಗೆದಳು. ಕೆಳಗೆ ಒಂದು ಗೂಟ ಬಿಟ್ಟಿದ್ದಳು. ಅದು ತೂತಿಗಿಂತ ದಪ್ಪವಾಗಿದ್ದರಿಂದ ತೂತನ್ನು ಅರದಿಂದ ತುಸು ಅಗಲ ಮಾಡಿದಳು. ಕೂಸು ಕಿತ್ತುಕೊಳ್ಳಬಾರದೆಂದು ಗೂಟದ ತುದಿಯನ್ನು ಕುದುರೆಯ ಹೊಟ್ಟೆಯೊಳಗೆ ಬಡಿದು ಅಗಲಿಸಿ ಭದ್ರ ಮಾಡಿದಳು. ಅಲುಗಾಡಿಸಿ ನೋಡಿದಳು. ಅಲುಗಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಭೀಮಬಾಯಿ ಬಂದು ಕುದುರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕಾಲು ನೋಡಿದಳು, ಗಾಲಿ ಉರುಳಿಸಿದಳು. ಆಮೇಲೆ ಸವಾರನ ಮುಖ ನೋಡಿದಳು. ಸೊಂಟದ ಚೀಲದಿಂದ ಮಲ್ಲಣ್ಣನ ಅರಿಸಿನ ಭಂಡಾರದ ಚಿಟಿಕೆ ತೆಗೆದು ಅವನ ಹಣೆಗೆ ಹಚ್ಚಿ, ಕುದುರೆಯನ್ನು ನೆಲಕ್ಕಿಟ್ಟು ಅಡ್ಡಬಿದ್ದಳು.

“ಅದು ಆಟಿಗಿ ಸಾಮಾನ ಅದ, ಬಾಯಿ.”

“ಖರೆ ಅದ. ಮುಖ ನೋಡಿದ ಮ್ಯಾಲ ಕೈ ಕೇಳಲಿಲ್ಲ.” ಅವಳು ಎದ್ದು ಕೂತು ಸೆರಗಿನಿಂದ ಭಂಡಾರ ಒರೆಸಲು ಹೋದಳು, ಒರೆಸಲಿಲ್ಲ. “ನಾಳಿ ನೀವೂ ಬರ್ರಿ ಅಕ್ಕಾ. ನಿಮ್ಮ ತವರು ಭಾಲ್ಕಿ ಅಲ್ಲೇನು? ಅವ ಏನರ ಕೇಳಿದ್ರ ನನಗ ಹೇಳ್ಲಾಕ ಬರಂಗಿಲ್ಲ.”

“ತವರಾಗ ಯಾರದಾರ. ಮನಿ ಬಿದ್ದದ.”

“ಅದಕ್ಕ ಏನಾಯ್ತು. ಊರು ಅದಲ್ಲ.”

ಕಾಂತಾಬಾಯಿ ಹೋದಳು. ಮನೆಯಲ್ಲಿ ಕೂತರೂ ನೋವೇ, ಬಸ್ಸಿನಲ್ಲಿ ಕೂತರೂ ನೋವೇ ಎಂದುಕೊಂಡು ಹೋದಳು.

ಭಾಲ್ಕಿ ಸ್ಟೇಶನ್ನಿಗೆ ಮಡೆಪ್ಪ ಗಾಡಿಯಲ್ಲಿ ಟ್ರಂಕು, ಹಂಡೆ ತಂದು ಬೇವಿನ ನೆರಳಲ್ಲಿ ನಿಂತಿದ್ದ. ಹೈದರಾಬಾದಿನ ಕಡೆಯಿಂದ ರೈಲು ಬಂತು. ಅಬ್ದುಲ ಮಜೀದ ಇಳಿದ. ಗಡ್ಡ ಬೆಳ್ಳಗಾಗಿತ್ತು, ಭೀಮಬಾಯಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಜೊತೆಗೆ ಮಗಳು ಮಹಬೂಬಬಿ. ಅಂದು ಗಾಡಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಹೋಗಿದ್ದ ಕೂಸು ಈಗ ತಲೆಗೆ ಓಢಣಿ ಹೊದ್ದುಕೊಳ್ಳುವಷ್ಟು ದೊಡ್ಡವಳಾಗಿದ್ದಳು.

ಮಜೀದ ಟ್ರಂಕಿನ ಬೀಗ ತೆಗೆಯಲಿಲ್ಲ. “ನೋಡ್ಕೋರಿ,” ಎಂದ ಮಡೆಪ್ಪ. “ನೋಡೂದು ಏನದ ಅಣ್ಣಾ,” ಎಂದ ಅವನು. ಹಂಡೆಗಳ ಮೇಲೆ ಕೈಯಾಡಿಸಿದ. ಹುಣಸೆಹಣ್ಣಿನಲ್ಲಿ ಬೆಳಗಿದ ತಾಮ್ರ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. “ಇಷ್ಟು ಬೆಳಗೀರಲ್ಲ ಅಕ್ಕಾ, ನಮ್ಮ ಮನ್ಯಾಗ ಯಾವತ್ತೂ ಹಿಂಗ ಇರ್ಲಿಲ್ಲ,” ಎಂದ. ಎಲ್ಲರೂ ಸಣ್ಣಗೆ ನಕ್ಕರು.

ಭೀಮಬಾಯಿ ಕಂಬಳಿ ಬಿಚ್ಚಿ ಕುದುರೆಯನ್ನು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಗಾಲಿ ನೋಡಿದಳು, ಕಾಲು ನೋಡಿದಳು. ಅಲ್ಲಿ ಮುರಿದಿತ್ತೆಂದು ಅವಳಿಗೆ ತಿಳಿಯಲೇ ಇಲ್ಲ. ಕಾಂತಾಬಾಯಿ ಉಸಿರು ಬಿಟ್ಟಳು.

“ಅಬ್ಬಾ, ಇವ ಯಾರು?” ಎಂದು ಹುಡುಗಿ ಅಪ್ಪನನ್ನು ಕೇಳಿದಳು.

ಮಜೀದನೂ ನೋಡಿದ. ಕತ್ತಿ, ರುಮಾಲು, ಹಣೆಯ ಹಳದಿ. ಅವನ ಮುಖದ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಬೇರೆ ಕಡೆ ಹೋಯಿತು. “ಇರ್ಲಿ ಬೇಟಾ. ಇಟ್ಟು ಕಾಯ್ದಾರಲ್ಲ, ಅದು ದೊಡ್ಡದು.”

“ಇಲ್ಲಿ ನನ್ನ ಗುಡಿಯಾ ಗೊಂಬಿ ಕೂಡ್ತಿತ್ತಲ್ಲ.”

“ಇರ್ಲಿ ಅಂದೆನಲ್ಲ.”

ಬಗಲಿನ ಚೀಲದ ಬಾಯಿಯ ಮೇಲಿದ್ದ ಹುಡುಗಿಯ ಕೈಯನ್ನು ಕಾಂತಾಬಾಯಿ ನೋಡಿದಳು. ಕೇಳಿದಾಗ ನಾಚಿಕೊಂಡು ತೆಗೆದು ತೋರಿಸಿದಳು. ಚಿಂದಿಯ ಗೊಂಬೆ, ಕಣ್ಣಿಗೆ ಕಾಡಿಗೆಯ ಎರಡು ಚುಕ್ಕೆ, ಕೆಳಗೆ ಸಿಕ್ಕಿಸಿದ ಬಿದಿರ ಕಡ್ಡಿ. ಆ ದಿನ ಗೊಂಬೆ ಹಗುರವಾದ್ದರಿಂದ ಅವಳ ಜೊತೆ ಹೋಗಿತ್ತು, ಕುದುರೆ ಭಾರವೆಂದು ಹಿಂದೆ ಉಳಿದಿತ್ತು. ಕುದುರೆಯ ಮೇಲೆ ಎರಕದ ಸವಾರ ಯಾವತ್ತೂ ಇರಲಿಲ್ಲ.

ಭೀಮಬಾಯಿ ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಿಸಿದಳು. “ನಾನೇ ಹೇಳೀನಿ ಮಾಡಂತ. ನನ್ನ ಬಾಯಿಗಿ ಬೆಂಕಿ ಹಚ್ಚಲಿ.”

“ಯಾರೂ ತಪ್ಪು ಮಾಡಿಲ್ಲ ಅಕ್ಕಾ,” ಎಂದ ಮಜೀದ. “ಒಯ್ತೀವಿ. ಹಿಂಗೇ ಒಯ್ತೀವಿ.”

ದೇವರ ಮೂರ್ತಿ ಕೂತ ಹಾಗೆಯೇ ಒಯ್ದರೆ ಆ ಕುದುರೆ ಹೈದರಾಬಾದಿನ ಮನೆಯಲ್ಲಿ ಟ್ರಂಕಿನಿಂದ ಹೊರಗೆ ಬರುವುದಿಲ್ಲವೆಂದು ಕಾಂತಾಬಾಯಿಗೆ ತಿಳಿಯಿತು. ಭೀಮಬಾಯಿಗೂ ತಿಳಿದಿತ್ತು. ಅವಳು ತಲೆಯೆತ್ತಲಿಲ್ಲ.

“ತಿರುಗಿ ಹೋಗೂ ಗಾಡಿ ಯಾವಾಗ?” ಎಂದು ಕೇಳಿದಳು ಕಾಂತಾಬಾಯಿ.

“ಸಂಜಿಕ.”

“ಕೊಡ್ರಿ ಇಲ್ಲಿ.”

ಮಡೆಪ್ಪನನ್ನು ಗಾಡಿಯ ಹತ್ತಿರ ಬಿಟ್ಟು, ಮಿಕ್ಕವರು ಅವಳ ಹಿಂದೆ ಊರೊಳಗೆ ನಡೆದರು. ತಾಂಬಟಗಾರರ ಓಣಿಯಲ್ಲಿ ಅವಳ ತವರಿನ ಜಾಗದಲ್ಲಿ ಮೊಣಕಾಲೆತ್ತರದ ಗೋಡೆ ಉಳಿದಿತ್ತು, ಅದರ ಮೇಲೆ ಯಾರೋ ಬೆರಣಿ ತಟ್ಟಿದ್ದರು. ಅವಳು ಅಲ್ಲಿ ನಿಲ್ಲಲಿಲ್ಲ. ಮುಂದಿನ ಮನೆ ಅವಳ ಅಪ್ಪನ ಜೊತೆ ಕೆಲಸ ಮಾಡಿದ ವಿಠ್ಠಲನದು. ಮುದುಕ ಹೊರಗೆ ಕೂತು ಕೊಡಕ್ಕೆ ತೇಪೆ ಹಾಕುತ್ತಿದ್ದ.

“ಯಾರು? ಕಾಂತಾ? ತವರು ಈಗ ನೆನಪಾಯ್ತೇನು ತಾಯಿ?”

“ಗರಗಸ ಕೊಡ್ರಿ ಕಾಕಾ, ಸಣ್ಣದು. ಆಮ್ಯಾಲ ಬೈರಿ.”

ಅವನು ಕುದುರೆಯನ್ನು ತಿರುಗಿಸಿ ನೋಡಿದ. “ಕೂಡಿಸಿದಾಕಿ ನೀನೇ, ಕಡಿಯಾಕಿ ನೀನೇ. ನಿಮ್ಮಪ್ಪ ಒಂದೇ ಸರ್ತಿಗಿ ಮುಗಸ್ತಿದ್ದ.”

“ನಮ್ಮಪ್ಪಗ ಹೆಗಲು ನೆಟ್ಟಗ ಇತ್ತು.”

ಮೇಲಿನಿಂದ ಎಳೆದರೆ ಬೆನ್ನು ಒಡೆಯುತ್ತದೆ, ಬಿದರಿಯ ಲೋಹ ಬಾಗುವುದಿಲ್ಲ. ಕುದುರೆಯನ್ನು ಮಲಗಿಸಿ, ಹೊಟ್ಟೆಯೊಳಗೆ ಬೆರಳು ತೂರಿಸಿ, ತಾನೇ ಬಡಿದು ಅಗಲಿಸಿದ್ದ ಗೂಟದ ತುದಿಯನ್ನು ಒಳಗಿನಿಂದ ಕೊಯ್ಯಬೇಕು. ಗರಗಸ ಪೂರ್ತಿ ಆಡುವಷ್ಟು ಜಾಗವಿರಲಿಲ್ಲ, ಎರಡು ಹಲ್ಲಿನಷ್ಟೇ ಮುಂದೆ ಹಿಂದೆ. ಭೀಮಬಾಯಿ ಮೊದಲು ಸವಾರನಿಗೆ ಕೈ ಮುಗಿದು, “ನಿನ್ನ ಕುದುರಿ ಮ್ಯಾಲಿಂದ ಇಳಸ್ಲಾಕತ್ತೀವಪ್ಪಾ, ಸಿಟ್ಟಾಗಬ್ಯಾಡ,” ಎಂದು ಹೇಳಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಮಜೀದ ಓಣಿಯ ಬಾಯಲ್ಲೇ ನಿಂತಿದ್ದ. ಹುಡುಗಿ ಮಾತ್ರ ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಕಾಂತಾಬಾಯಿಯ ಬಲಗೈ ನಡುವೆ ಎರಡು ಸಲ ಸತ್ತಂತೆ ಬಿತ್ತು. ಎಡಗೈಯಿಂದ ಅದನ್ನು ತಿಕ್ಕಿಕೊಂಡು ಮತ್ತೆ ಗರಗಸ ಹಿಡಿದಳು. ವಿಠ್ಠಲ ಕೈ ಚಾಚಿದ, ಅವಳು ಕೊಡಲಿಲ್ಲ. ಗೂಟ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಕೊನೆಗೆ ತುದಿ ಕಳಚಿ ನೆಲಕ್ಕೆ ಬಿತ್ತು. ಸವಾರನನ್ನು ತಿರುವುತ್ತ ಮೇಲಕ್ಕೆ ತೆಗೆದಳು. ಟಿಕ್ ಎಂದು ಒಂದು ಸಣ್ಣ ಸದ್ದು ಬಂತು.

ಜೀನಿನ ಅಂಚಿನಿಂದ ಬಾಲದ ಕಡೆಗೆ ಕೂದಲೆಳೆಯಷ್ಟು ಬಿರುಕು.

ಅವಳು ಅದನ್ನು ಮುಚ್ಚಿಡಲಿಲ್ಲ. ಮಜೀದನನ್ನು ಕರೆದು ಬೆರಳಿಟ್ಟು ತೋರಿಸಿದಳು. “ಇದು ಈಗ ಬಂತು, ನನ್ನ ಕೈಯಾಗ. ಗಾಲಿ ಎರಡು, ಈ ಗೊರಸು, ಇವೂ ಹೊಸವು. ಹಗೇವದಾಗ ಸಲಾಕಿ ಬಡದು ಮುರದಿದ್ವು. ಈ ಬಾಯಿ ಜೋಳೆಲ್ಲಾ ಕೇರ್ಯಾಳ, ತುಣುಕು ಸಿಕ್ಕಿಲ್ಲ. ಹೇಳಬಾರದಂತ ಮಾಡಿದ್ಲು, ನಾ ಹೇಳ್ಲಾಕತ್ತೀನಿ.”

ಭೀಮಬಾಯಿ ಗೋಡೆಯ ಕಡೆಯಿಂದ ತಿರುಗಲಿಲ್ಲ. ಮಜೀದ ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದ, ಆಮೇಲೆ ಗೊರಸಿನ ಮೇಲೆ. “ಸಲಾಕಿ ಚುಚ್ಚಿದಾಗ ನೀವು ಅಲ್ಲೇ ಇದ್ರೇನು ಅಕ್ಕಾ?” ಎಂದು ಕೇಳಿದ.

“ಎಲ್ಲಿ ಹೋಗ್ಲಿ. ಹಗೇವದ ಬಾಯಿ ಮ್ಯಾಲೇ ನಿಂತಿದ್ದೆ.”

“ನಿಮಗ ಏನರ ಅಂದ್ರೇನು?”

“ಅಂದ್ರು. ಅದನ್ನೆಲ್ಲ ಈಗ ಯಾಕ ಕೇಳ್ತಿ.”

ಮಜೀದ ಅವಳ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ ನೆಲದ ಮೇಲೆ ಕೂತ.

ಅಷ್ಟರಲ್ಲಿ ಹುಡುಗಿ ಗೊಂಬೆಯ ಕಡ್ಡಿಯನ್ನು ತೂತಿನಲ್ಲಿ ಇಟ್ಟಿದ್ದಳು. ಕಾಂತಾಬಾಯಿ ಅರ ಆಡಿಸಿ ಅಗಲ ಮಾಡಿದ ತೂತು, ಕಡ್ಡಿ ನಿಲ್ಲದೆ ಗೊಂಬೆ ಪಕ್ಕಕ್ಕೆ ವಾಲಿತು. ಭೀಮಬಾಯಿ ಅದನ್ನು ಕಂಡು ಎದ್ದು ಬಂದಳು. ಕಂಬಳಿಯ ಅಂಚಿನಿಂದ ಉಣ್ಣೆಯ ಎಳೆ ಕಿತ್ತು, ಎಂಜಲು ಹಚ್ಚಿ ಹೊಸೆದು, ಕಡ್ಡಿಗೆ ಸುತ್ತಿ ಒತ್ತಿ ಕೂರಿಸಿದಳು. ಗೊಂಬೆ ನೆಟ್ಟಗೆ ಕೂತಿತು. ಹುಡುಗಿ ಅಪ್ಪನ ಕಡೆ ಒಮ್ಮೆ ನೋಡಿ, ದೊಡ್ಡವಳಾದೆನೆಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕುದುರೆಯನ್ನು ವಿಠ್ಠಲನ ಅಂಗಳದ ತುಂಬ ಉರುಳಿಸಿದಳು.

ಸಂಜೆಯ ರೈಲಿಗೆ ಅವರು ಹೋದರು. ಬಿಡುವ ಹೊತ್ತಿಗೆ ಮಜೀದ ಕಿಟಕಿಯಿಂದ, “ಮುಂದಿನ ಸಲ ಊರಿಗೇ ಬರ್ತೀನಿ ಅಕ್ಕಾ,” ಎಂದ. ಬಂದನೋ ಇಲ್ಲವೋ ಇದುವರೆಗೆ ಸುದ್ದಿಯಿಲ್ಲ. ಮಲ್ಲಣ್ಣನನ್ನು ಭೀಮಬಾಯಿ ಕುಶನೂರಿಗೆ ಒಯ್ದು ತನ್ನ ದೇವರ ಜಗಲಿಯ ಮೇಲೆ ಇಟ್ಟಳು. ಗೂಟ ಕತ್ತರಿಸಿದ್ದರಿಂದ ತಾನಾಗಿ ನಿಲ್ಲುವುದಿಲ್ಲ, ಗೋಡೆಗೆ ಒರಗಿಸಿದ್ದಾಳಂತೆ. ಭಂಡಾರ ಬಿದ್ದ ಮೇಲೆ ಅವನನ್ನು ಮತ್ತೆ ಕರಗಿಸುವ ಮಾತೇ ಇರಲಿಲ್ಲ.

ಕಾಂತಾಬಾಯಿಗೆ ಆ ದಿನದಿಂದ ಬಲಗೈ ತಲೆಯ ತನಕ ಏಳುವುದಿಲ್ಲ. ಬೈತಲೆ ತೆಗೆಯಲು ಯಾರನ್ನಾದರೂ ಕರೆಯುತ್ತಾಳೆ. ಗಂಟೆ ಹೊಯ್ಯುವುದನ್ನು ಬಿಟ್ಟಿಲ್ಲ, ಕಡಿಮೆ ಮಾಡಿದ್ದಾಳೆ. ಆ ಕುದುರೆಯ ಮಾತು ತೆಗೆದರೆ ಗಾಲಿಯ ಬಗ್ಗೆ ಎಷ್ಟಾದರೂ ಹೇಳುತ್ತಾಳೆ, ಬಿರುಕಿನ ಬಗ್ಗೆ ಕೇಳಿದರೆ, “ಅರ ಜರಾ ಕಡಿಮಿ ಆಡಿಸಬೇಕಿತ್ತು,” ಎಂದು ಹೇಳಿ ಸುಮ್ಮನಾಗುತ್ತಾಳೆ.

ಕಾಂತಾಬಾಯಿಗೆ ಓದಲು ಬರುವುದಿಲ್ಲ. ನಾಳೆ ಮಧ್ಯಾಹ್ನ ಅವಳ ಮನೆಗೆ ಹೋಗಿ ಇದನ್ನು ಓದಿ ಹೇಳುತ್ತೇನೆ, ತಪ್ಪು ಎಂದಲ್ಲಿ ಹೊಡೆದು ಬರೆಯುತ್ತೇನೆ, ಆಮೇಲೆ ಅವಳ ಅಚ್ಚಿನ ಮಣ್ಣು ಜರಡಿ ಹಿಡಿದು ಕೊಟ್ಟು ಬರುತ್ತೇನೆ.